ನೆಲ ಡೊಂಕು

ಸೋಮವಾರ ಡ್ಯಾಶ್‌ಬೋರ್ಡು ಬಿಚ್ಚಿ
ಸತ್ತು ಮಲಗಿದ್ದ ಡೀಸೆಲ್ ಮುಳ್ಳಿನ ಬೆನ್ನಿಗೆ
ಒಂದು ಹನಿ ಬೆಸುಗೆ ಮುಟ್ಟಿಸಿದೆ.
ಮುಳ್ಳು ಎದ್ದು ಅರ್ಧ ಟ್ಯಾಂಕು ಅಂತ ನಿಜ ನುಡಿಯಿತು.
ಅದರ ಮಗ್ಗುಲಲ್ಲೇ
ಈವರೆಗೆ ಕಂಡಿರದ ಪುಟಾಣಿ ಎಂಜಿನ್ ಚಿತ್ರವೊಂದು
ಅರಿಸಿನ ಬಣ್ಣಕ್ಕೆ ಹೊತ್ತಿಕೊಂಡಿತು.
ಹೊತ್ತಿಕೊಂಡೇ ಇತ್ತು.

ವ್ಯಾನಿಗೆ ಹದಿನೇಳು ವರ್ಷ, ನನಗೆ ಮೋರ್‌ಕ್ಯಾಂಬಿನಲ್ಲಿ ಮೂರು.
ಕಡಲ ದಂಡೆಯ ಗೆಸ್ಟ್‌ಹೌಸುಗಳ ಮೈಲಿಗೆ ಹೊದಿಕೆಗಳನ್ನು
ಒಯ್ದು, ಒಗೆದು, ಮಡಿಸಿ ಮರಳಿಸುವುದು ಕಸುಬು.
ಶುಕ್ರವಾರ ವ್ಯಾನಿಗೆ ಪರೀಕ್ಷೆ.
ಆ ದೀಪ ಉರಿಯುತ್ತಿದ್ದರೆ ನಪಾಸು.
ಗ್ಯಾರೇಜಿನವನಿಗೆ ಬರಿದೇ ಇಣುಕಿ ನೋಡಲು
ತೊಂಬತ್ತು ಪೌಂಡು ಬೇಕಂತೆ.

ತಪ್ಪು ನನ್ನ ಕೈಯದೇ, ಇನ್ಯಾರದು?
ಹೋದ ತಿಂಗಳು ಗ್ಲೋ ಪ್ಲಗ್ಗು ಬದಲಿಸಿದ್ದು ಇದೇ ಕೈ,
ವಾಲ್ವಿನ ಮಸಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿದ್ದು ಇದೇ ಕೈ,
ಎಲ್ಲ ಜೋಡಿಸಿದ ಮೇಲೂ ಮಿಕ್ಕ ಒಂದು ಬೋಲ್ಟನ್ನು
ಯಾರಿಗೂ ಹೇಳದೆ ಸಾಸಿವೆ ಡಬ್ಬಿಗೆ ಹಾಕಿದ್ದೂ.

ಮಂಗಳವಾರವಿಡೀ ಬಾನೆಟ್ಟಿನೊಳಗೆ ತಲೆ.
ಬಿಚ್ಚಿದೆ, ಒರೆಸಿದೆ, ಬಿಗಿದೆ, ಮತ್ತೆ ಬಿಚ್ಚಿದೆ.
ಇಳಿತದ ಸಮುದ್ರ ಕಣ್ಣಿಗೆ ಕಾಣದಷ್ಟು ದೂರ ಹೋಗಿ
ಅದರ ಗಾಳಿ ಮಾತ್ರ ಇಲ್ಲೇ ಉಳಿದಿತ್ತು.
ಮಿಸೆಸ್ ಥ್ರೆಲ್‌ಫಾಲ್ ಗೇಟಿಗೆ ಬಂದು
'ನನ್ನ ಆರು ಜೊತೆ ಡಬಲ್ ಶೀಟು?' ಅಂದಳು.
ಆಮೇಲೆ ನನ್ನ ಬೆರಳು ನೋಡಿ
ಒಳಗೆ ಹೋಗಿ ಚಹಾ ತಂದಳು.

ಬುಧವಾರ ಟಪಾಲಿನಲ್ಲಿ ಬಂತು ಕೋಡ್ ಓದುವ ಯಂತ್ರ.
ಸ್ಟೇರಿಂಗಿನ ಕೆಳಗೆ ಅದರ ಬಾಲ ಸಿಕ್ಕಿಸಿದೆ.
ಯೋಚಿಸಿ ಯೋಚಿಸಿ ಹೇಳಿತು:
ಎಂಜಿನ್ನು ಸಾಕಷ್ಟು ಬಿಸಿಯಾಗುತ್ತಿಲ್ಲ.
ಈ ಊರಲ್ಲಿ ಯಾವುದು ತಾನೇ ಆಗುತ್ತದೆ ಅಂತ
ನಕ್ಕು ಪಕ್ಕಕ್ಕಿಟ್ಟೆ.

ರಾತ್ರಿ ಕಸದ ಚೀಲ ಕಟ್ಟುವಾಗ
ಅಂಗೈಗೆ ಏನೋ ಅಂಟಿತು.
ಉಗುರಿನಷ್ಟಗಲ ಕಪ್ಪು ಟೇಪು,
ನಾಲ್ಕೂ ಅಂಚು ಕತ್ತರಿಯಲ್ಲಿ ನೀಟಾಗಿ ಕತ್ತರಿಸಿದ್ದು.
ಸೋಮವಾರ, ಬೆಸುಗೆಗೆ ಮೊದಲು,
ಮೀಟರಿನ ಗಾಜೊಳಗಿಂದ ಕೊಳೆ ಎಂದು ನಾನೇ ಕಿತ್ತೆಸೆದದ್ದು.
ಅದನ್ನೊಯ್ದು ದೀಪದ ಮೇಲಿಟ್ಟೆ.
ಸರಿಯಾಗಿ ಕೂತಿತು,
ಕಣ್ಣಿಗೆ ರೆಪ್ಪೆಯ ಹಾಗೆ.

ವ್ಯಾನು ಮಾರಿದ ಕ್ಲಿಫರ್ಡ್ ಫೋನೆತ್ತಿದ.
'ಓ ಅದಾ? ನನಗೇನೂ ತೊಂದರೆ ಕೊಡಲಿಲ್ಲಮ್ಮಾ' ಅಂದ.
ಸಿಟ್ಟು ಬರಬೇಕಿತ್ತು. ಬಂತು, ಆದರೆ ತಡವಾಗಿ, ಅದೂ ಸ್ವಲ್ಪ.
ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುತ್ತಾರಲ್ಲ,
ಮೂರು ದಿನ ಕಾಲು ಮುರಿದುಕೊಂಡಿದ್ದೇನೆ,
ನೆಲವೇ ಡೊಂಕಿತ್ತು!

ಗುರುವಾರ ಹನ್ನೊಂದು ಪೌಂಡಿಗೆ ಥರ್ಮೋಸ್ಟಾಟು ತಂದೆ.
ಹಳೆಯದನ್ನು ಈಚೆ ಎಳೆದಾಗ
ನಸುಗೆಂಪು ನೀರು ತೋಳಿನುದ್ದ ಇಳಿಯಿತು.
ಬಾಯಿ ತೆರೆದೇ ತುಕ್ಕು ಹಿಡಿದಿತ್ತು,
ಎಂದೂ ಮುಚ್ಚದ ಬಾಗಿಲು.
ಎಂಜಿನ್ ಕಾಸಿದ್ದೆಲ್ಲ ಆಗಿಂದಾಗ್ಗೆ ಆರಿಹೋಗುತ್ತಿತ್ತು.

ಹಾಗಾದರೆ ಮೂರು ಚಳಿಗಾಲ
ಹೀಟರಿಗೆ ಕೈಯೊಡ್ಡಿ ಕೂತದ್ದು,
ಎರಡು ಜೊತೆ ಕಾಲುಚೀಲ, ಮಫ್ಲರು, ಮಂಕಿ ಟೋಪಿ,
'ಇಲ್ಲಿನ ಚಳಿ ಮೂಳೆಗೆ ಇಳಿಯುತ್ತೆ' ಅಂತ
ಊರಿನವರಿಗೆಲ್ಲ ಫೋನಿನಲ್ಲಿ ಹೇಳಿದ್ದು,
ಅದು ಈ ಊರಿನ ಚಳಿಯಲ್ಲ.
ಪೂರ್ತಿ ಅಲ್ಲ.

ಲ್ಯಾಂಕಾಸ್ಟರ್ ರಸ್ತೆಯಲ್ಲಿ ಓಡಿಸಿ ನೋಡಿದೆ.
ಉಷ್ಣದ ಮುಳ್ಳು ಮೊದಲ ಸಲ
ನಡುಮಧ್ಯಕ್ಕೆ ಬಂದು ನಿಂತಿತು.
ಕಿಂಡಿಯಿಂದ ಸುಟ್ಟ ಧೂಳಿನ ವಾಸನೆ, ಆಮೇಲೆ ಬಿಸಿ,
ನಿಜವಾದ ಬಿಸಿ, ಮೊಣಕಾಲಿಗೆ, ಮುಖಕ್ಕೆ.
ದೀಪ ಮಾತ್ರ ಹಾಗೇ ಇತ್ತು.
ಕೋಡು ಅಳಿಸಬಹುದಿತ್ತು. ಅಳಿಸಲಿಲ್ಲ.
ತಾನಾಗಿ ಹೋಗಲಿ,
ಅದನ್ನು ನಂಬಿದವರು ಯಾರೂ ಇಲ್ಲ ಈವರೆಗೆ.

ಮೂರನೆಯ ಸಲ ಸ್ಟಾರ್ಟ್ ಮಾಡಿದಾಗ,
ಶುಕ್ರವಾರ, ಪರೀಕ್ಷೆಗೆ ನಲವತ್ತು ನಿಮಿಷ ಮುಂಚೆ,
ಕೀಲಿ ತಿರುವಿದೊಡನೆ ಎಲ್ಲ ದೀಪಗಳೂ ಒಮ್ಮೆ ಹೊತ್ತಿ
ಒಂದೊಂದಾಗಿ ಆರಿದವು.
ಅದೂ ಆರಿತು.

ಹಿಂದೆ ಥ್ರೆಲ್‌ಫಾಲಳ ಆರು ಜೊತೆ ಶೀಟು.
ಸೆಕೆ ತಡೆಯಲಾರದೆ
ಕಿಟಕಿ ಇಳಿಸಿಕೊಂಡು ಹೊರಟೆ.